ಮೂರನೆಯ ಸಹಿ

ತೊಂಬತ್ತರ ದಶಕದಲ್ಲಿ, ಸಿಂಗಪುರದ ಕ್ಲೆಮೆಂಟಿಯ ಫ್ಲ್ಯಾಟಿನಲ್ಲಿ ನನ್ನ ಪಕ್ಕದ ರೂಮಿಗೆ ಶ್ರೀಲಂಕಾದ ಜಾಫ್ನಾದ ಟೀಚರೊಬ್ಬರು ಬಂದಿದ್ದರು. ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಬೇರೊಂದು ದೇಶದ ಆಶ್ರಯ ಕೋರಿದ ಅವರ ಅರ್ಜಿಯನ್ನು ನಾನು ಟೈಪ್ ಮಾಡಿಕೊಟ್ಟೆ. ಕೇಸು ಗಟ್ಟಿಯಾಗಲೆಂದು, ಬಂದೂಕಿನವರು ಅವರನ್ನು ಹೊಡೆದರೆಂದು ಒಂದು ಸಾಲು ಸೇರಿಸಿದ್ದೆ. ಅವರು ಸ್ಕೇಲ್ ಇಟ್ಟು ಅದನ್ನು ಹೊಡೆದುಹಾಕಿದರು.

“ನನ್ನನ್ನ ಯಾರೂ ಮುಟ್ಟಿಲ್ಲ. ನಡೆದಷ್ಟೇ ಟೈಪ್ ಮಾಡಪ್ಪ.”

“ರಿಜೆಕ್ಟ್ ಆದ್ರೆ ವಾಪಸ್ ಹೋಗ್ಬೇಕಾಗುತ್ತೆ, ಆಂಟಿ!”

“ಗೊತ್ತು. ನಡೆದಷ್ಟೇ.”

ಇಂಟರ್‌ವ್ಯೂಗೆ ನಾನೂ ಜೊತೆಗೆ ಹೋದೆ. ನಿಮಗೇನೂ ಆಗಿಲ್ಲವಲ್ಲ, ಭಯ ಯಾಕೆ ಎಂದು ಅಧಿಕಾರಿ ಕೇಳಿದರು.

“ನನ್ನ ಕ್ಲಾಸಿನ ಹುಡುಗಿಯನ್ನ ಬಂದೂಕಿನವರು ಎಳ್ಕೊಂಡು ಹೋದ್ರು. ಮೂವರು ಟೀಚರ್ಸ್ ದೂರಿಗೆ ಸಹಿ ಹಾಕಿದ್ವಿ. ಮೊದಲ ಸಹಿಯವರು ಮಾರ್ಚಿನಲ್ಲಿ ಕಾಣೆಯಾದ್ರು, ಎರಡನೆಯವರು ಮೇನಲ್ಲಿ. ಮೂರನೇದು ನನ್ನದು.”

ಅಧಿಕಾರಿ ಅದನ್ನು ಹಾಗೇ ಬರೆದುಕೊಂಡರು. ಒಪ್ಪಿಗೆಯ ಪತ್ರ ಬಂದ ದಿನ ಟೀಚರ್ ಅದನ್ನು ಓದಿ ಮಡಿಸಿಟ್ಟು, ನನ್ನ ಮುಂದೆ ಖಾಲಿ ಹಾಳೆ ಇಟ್ಟರು.

“ಈಗ ಆ ಹುಡುಗಿ ವಿಷಯ ಬರೆಯೋಣ.”