ಅಕ್ಕ ಮಾಡಿದ ಫೋನು

ಮೊನ್ನೆ ಕನಕಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ಅಂಗಿಯಿಂದ ಲವಂಗ ಸುಟ್ಟಂಥ ಸಿಹಿ ಘಾಟು ಬಂತು. ಆ ವಾಸನೆಯ ಸಿಗರೇಟು ನಮ್ಮ ಕಡೆಯದಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ... ಅಕ್ಕ ನೆನಪಾದರು.

ಆಗ ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಗೇಟಿನ ಎದುರು ಪೆಟ್ಟಿಗೆ ಅಂಗಡಿಗಳ ಸಾಲು, ಕೊನೆಯದು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸಿನದು. ಟೀ, ಬನ್ನು, ಬಾಳೆಹಣ್ಣು ಇದ್ದರೂ ಅಂಗಡಿ ನಡೆಯುತ್ತಿದ್ದುದು ಸಿಗರೇಟಿನಿಂದಲೇ. "ಒಸಿ ಕಮ್ಮಿ ಮಾಡ್ಲಾ, ಎದೆ ಗೊರಗೊರ ಅಂತೈತೆ" ಎಂದು ಬೈದೇ ಕೊಡುತ್ತಿದ್ದರು.

ತಂಬಾಕಿನ ತೆರಿಗೆ ಏರಿ ಪ್ಯಾಕಿನ ಬೆಲೆ ಜಿಗಿದ ಮೇಲೆ, ಹೆಲ್ಮೆಟ್ ತೆಗೆಯದ ಒಬ್ಬ ಸ್ಕೂಟರಿನಲ್ಲಿ ಬರತೊಡಗಿದ. ಅವನ ಪ್ಯಾಕಿನ ಮೇಲೆ ಎಚ್ಚರಿಕೆಯ ಚಿತ್ರವಿಲ್ಲ, ಬೆಲೆಯಿಲ್ಲ, ಯಾವುದೋ ದೇಶದ ಅಕ್ಷರ. ಸೇದಿದರೆ ಅದೇ ಲವಂಗದ ಘಾಟು. ಕೊಳ್ಳಲು ಮಾತ್ರ ಬಲು ಅಗ್ಗ. ಉಳಿದ ಅಂಗಡಿಯವರೆಲ್ಲ ಇಟ್ಟುಕೊಂಡರು. ಅಕ್ಕ ಬೇಡವೆಂದರು. ನೋಡನೋಡುತ್ತ ಅವರ ಗಿರಾಕಿಗಳು ಪಕ್ಕಕ್ಕೆ ಸರಿದರು.

ಒಂದು ಮಧ್ಯಾಹ್ನ ತೆರಿಗೆ ಅಧಿಕಾರಿಗಳು ಮಫ್ತಿಯಲ್ಲಿ ಬಂದು ನೇರವಾಗಿ ಬಿಸ್ಕತ್ತಿನ ಡಬ್ಬದ ಹಿಂದೆ, ಸೋಡಾ ಕ್ರೇಟಿನ ತಳಕ್ಕೆ ಕೈಹಾಕಿದರು, ಯಾರೋ ಹೇಳಿಕೊಟ್ಟಂತೆ... ಅಕ್ಕನ ಅಂಗಡಿಯನ್ನೂ ಜಾಲಾಡಿದರು, ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅಕ್ಕನಿಗೆ ಮುಳುವಾಯಿತು, ಸುಳಿವು ಕೊಟ್ಟದ್ದು ಅವರೇ ಎಂದು ಗುಸುಗುಸು ಹಬ್ಬಿತು. ಅವರು ಫೋನ್ ಎತ್ತಿದರೆ ಸಾಕು, ಅಕ್ಕಪಕ್ಕದ ಮಾತು ನಿಲ್ಲತೊಡಗಿತು.

ನಾನು ಅವರ ಪರ ಕ್ಯಾಂಟೀನಿನಲ್ಲಿ ಜಗಳವನ್ನೇ ಆಡಿದೆ. ಅದನ್ನು ಹೇಳಿದಾಗ ಅಕ್ಕ ಟೀ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಸುಮ್ನೆ ಯಾಕ್ ಜಗಳ ಆಡ್ದೆ ತಮ್ಮಾ? ಫೋನ್ ಮಾಡಿ ಹೇಳಿದ್ದು ನಾನೇ ಕಣಪ್ಪ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ತೆರಿಗೆ ಕಟ್ಟಿದ ಮಾಲು ತಂದು ಮಾರೋಳು ನಾನು. ಅವ್ರು ಕಳ್ಳಮಾಲು ಮಾರ್ತಾ ಕುಂತ್ರೆ ನಾನೆಂಗೆ ಬದುಕ್ಲಿ? ಬ್ಯಾಡ ಅಂತ ಮೊದ್ಲು ಅವ್ರಿಗೇ ಹೇಳ್ದೆ. ನಕ್ಬುಟ್ರು. ಈಗ ಆಫೀಸಿನೋರೂ ನನ್ನೇ ಕೇಳ್ತಾವ್ರೆ, ಸ್ಕೂಟರ್‌ನೋನು ನಿಂಗೆ ಏನಾಗ್ಬೇಕು ಅಂತ!"

ಕೆಲವು ದಿನಗಳಲ್ಲೇ ಸ್ಕೂಟರಿನವನು ಮತ್ತೆ ಬಂದ. ಏನೂ ಮಾರಲಿಲ್ಲ. ಅಕ್ಕನ ಎದುರು ನಿಂತು, ಅವರು ಆಫೀಸಿಗೆ ಫೋನಿನಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಅವರಿಗೇ ಒಪ್ಪಿಸಿದನಂತೆ. "ನಿಂಗ್ಯಾರು ಹೇಳಿದ್ದು?" ಎಂದು ಕೇಳಿದರೆ ಗಾಡಿ ತಿರುಗಿಸಿಕೊಂಡು ಹೋದನಂತೆ.

ಅಂದೇ ಅಂಗಡಿ ಖಾಲಿ ಮಾಡಿದರು. ಒಲೆ, ಗಾಜಿನ ಭರಣಿಗಳನ್ನು ನಾನೇ ಟೆಂಪೋಗೆ ಎತ್ತಿಕೊಟ್ಟೆ. ಮಾಗಡಿಯ ತಂಗಿಯ ಮನೆಗೆ ಹೊರಟಿದ್ದರು. "ಅಂಗಡಿ ಸಾಲ್ನೋರ ಮ್ಯಾಲೆ ನಂಗೆ ಸಿಟ್ಟಿಲ್ಲ. ಆಫೀಸಿನಾಗೆ ನನ್ ಫೋನ್ ಎತ್ತಿದೋನು ಯಾರು ಅಂತ ಒಂದು ಗೊತ್ತಾಗ್ಬೇಕಿತ್ತು" ಎಂದರು. ಅದು ಗೊತ್ತಾಗಲೇ ಇಲ್ಲ. ಹೋದ ವರ್ಷ ಮಾಗಡಿಯಲ್ಲೇ ತೀರಿಕೊಂಡರೆಂದು ತಡವಾಗಿ ಸುದ್ದಿ ಬಂತು...

ಮೊನ್ನೆ ಬಸ್ಸು ಹಾರೋಹಳ್ಳಿಯಲ್ಲಿ ನಿಂತಾಗ ಇಳಿದು ಹಳೆಯ ಗೇಟಿನವರೆಗೂ ನಡೆದೆ. ಅಂಗಡಿಗಳ ಸಾಲು ಹಾಗೆಯೇ ಇದೆ. ಅಕ್ಕನ ಅಂಗಡಿಯಿದ್ದ ಜಾಗದ ಗೋಡೆಗೆ ಹೊಸ ಪೋಸ್ಟರು: ಕಳ್ಳಸಾಗಣೆ ಸಿಗರೇಟು ಕಂಡರೆ ಈ ನಂಬರಿಗೆ ತಿಳಿಸಿ, ನಿಮ್ಮ ಹೆಸರು ಗುಟ್ಟಾಗಿರುತ್ತದೆ. ಬಸ್ಸಿನಲ್ಲಿ ಬಂದ ಘಾಟು ನೆನಪಾಗಿ ಜೇಬಿನಲ್ಲಿದ್ದ ಫೋನಿಗೆ ಕೈಹೋಯಿತು. ಪಕ್ಕದ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. ಏನು ಮಾಡಬೇಕೆಂದು ಕೇಳಲು ಅಕ್ಕ ಇಲ್ಲ.