ಔಡಲ ಹಿಟ್ಟಿನ ಬೋಗುಣಿ

೧೯೭೪ರ ಬೇಸಿಗೆ. ಡೀಸೆಲ್ಲು, ಗ್ರೀಸು ಎಲ್ಲ ತುಟ್ಟಿಯಾಗಿದ್ದ ಕಾಲ. ನಾವು ತೊರವಿಯಲ್ಲಿದ್ದೆವು. ನಮ್ಮ ಮನೆಯವರು ತಿಕೋಟಾದಲ್ಲಿ ವಿಜ್ಞಾನದ ಮಾಸ್ತರರು. ಒಂದು ಸಂಜೆ ಗಾಣದವರು ಚೆಲ್ಲುವ ಕುಸುಬಿ ಎಣ್ಣೆಯ ಗಸಿಯನ್ನು ಡಬ್ಬಿ ತುಂಬ ತಂದರು. ಔಡಲ, ಅಂದರೆ ಹರಳು ಬೀಜದಲ್ಲಿ ಎಣ್ಣೆಯನ್ನು ಒಡೆಯುವ ಕಿಣ್ವ ಇರುತ್ತದಂತೆ. ಹಸಿ ಬೀಜ ಅರೆದು ಗಸಿಗೆ ಕಲಸಿಟ್ಟು, ಆಮೇಲೆ ಸುಣ್ಣ ಸೇರಿಸಿದರೆ ಎತ್ತಿನ ಚಕ್ಕಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ತಯಾರು. ರೈತರಿಗೆ ಪುಕ್ಕಟೆ ಗ್ರೀಸು, ನನಗೆ ಜಿಡ್ಡು ಪಾತ್ರೆ! ಬಾವಿಯ ನೀರು, ಅತ್ತೆಯ ಪಥ್ಯ, ಎರಡು ವರ್ಷದ ಕಮಲಿ, ಇವೆಲ್ಲದರ ಮೇಲೆ ಇದೊಂದು.

ಹಲವು ಸಲ ಕೆಟ್ಟು, ಕೊನೆಗೊಮ್ಮೆ ಸರಿಯಾಗಿ ಬಂತು. ಪಕ್ಕದ ಮನೆಯ ರಾಜೇಸಾಬ ತನ್ನ ಚಕ್ಕಡಿಗೆ ಹಚ್ಚಿ ನೋಡಿ, "ಮಾಸ್ತರ, ಗಾಲಿ ಒಟ್ಟ ಸಪ್ಪಳ ಮಾಡವಲ್ದುರಿ!" ಎಂದ. ನಮ್ಮವರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆ ರವಿವಾರ ಮತ್ತೆ ಬೀಜ ಅರೆದು, ಬೋಗುಣಿಯನ್ನು ನೆಲದ ಮೇಲಿಟ್ಟು ಸುಣ್ಣ ತರಲು ಹೋದರು. ನಾನು ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಿದರೆ ಕಮಲಿಯ ಬಾಯೆಲ್ಲ ಬೆಳ್ಳಗೆ.

"ಎಷ್ಟು ತಿಂದಾಳ?" ಸುಣ್ಣ ಹಿಡಿದು ಬಂದ ನಮ್ಮವರು ಬೋಗುಣಿ ಎತ್ತಿ ನೋಡಿದರು. "ಅದು ವಿಷ ಐತಿ."

ಬಿಜಾಪುರದ ಬಸ್ಸಿಗೆ ಕಾಯುತ್ತಿರುವಾಗಲೇ, ಮಧ್ಯಾಹ್ನದ ಹೊತ್ತಿಗೆ ವಾಂತಿ, ಭೇದಿ. ಕೂಸು ಬಾಡಿಹೋಯಿತು. ರಾಜೇಸಾಬ ಚಕ್ಕಡಿಯಲ್ಲಿ ಹೇರಿದ್ದ ಜೋಳದ ಸೊಪ್ಪೆಯನ್ನು ಬೀದಿಯಲ್ಲೇ ಕೆಡವಿದ. "ಬಸ್ಸಿನ ದಾರಿ ಕಾಯಬ್ಯಾಡ್ರಿ ಅಕ್ಕಾರ, ಕೂಸಿನ್ನ ತಗೊಂಡು ಹತ್ರಿ," ಎಂದ.

ಬಿಜಾಪುರದವರೆಗೂ ಗಾಲಿ ಒಂದು ಸಲವೂ ಕಿರುಗುಟ್ಟಲಿಲ್ಲ. ಕೂಸಿನ ಒಂದೊಂದು ನರಳಾಟವೂ ಕಿವಿಗೆ ಬೀಳುತ್ತಿತ್ತು. ಆ ಗಾಲಿ ಜೋರಾಗಿ ಸದ್ದು ಮಾಡಬಾರದೇ ಎನಿಸಿತು ನನಗೆ.

ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಡಾಕ್ಟರು ಬೈದದ್ದನ್ನೆಲ್ಲ ನಮ್ಮವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಕೂಸಿನ ಬಾಯಿ ಒರೆಸುತ್ತ ಕೂತೆ. ಸಿಟ್ಟು ಮಾಡಲಿಕ್ಕೂ ತ್ರಾಣ ಬೇಕಲ್ಲ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಕಮಲಿ ಕಣ್ಣು ಬಿಟ್ಟು, "ಅವ್ವಾ, ನೀರ" ಎಂದಳು. ಆಗ ಮೊದಲ ಸಲ ನಾನು ಅತ್ತುಬಿಟ್ಟೆ.

ಮನೆಗೆ ಕರೆದೊಯ್ಯಲೂ ರಾಜೇಸಾಬನೇ ಬಂದ. ನಮ್ಮವರು ಮಾತ್ರ ಚಕ್ಕಡಿ ಹತ್ತಲಿಲ್ಲ. "ನೀ ಕೂಡು, ನಾ ನಡಕೋತ ಬರ್ತೀನಿ," ಎಂದು ಆ ಬಿಸಿಲಿನಲ್ಲಿ ಹಿಂದೆ ಹಿಂದೆ ಬಂದರು. ಬಿಜಾಪುರ ದಾಟುವಷ್ಟರಲ್ಲಿ ಎರಡು ಸಲ ಮುಗ್ಗರಿಸಿದರು.

"ಸುಮ್ನ ಹತ್ರಿ," ಎಂದೆ. "ಇನ್ನ ನೀವೂ ಬಿದ್ರ ಹೊತ್ತು ಒಯ್ಯಾಕ ನನ್ನ ಕೈಲಾಗಂಗಿಲ್ಲ."

ಹತ್ತಿದರು. ಕೂಸಿನ ಪಾದ ಹಿಡಿದುಕೊಂಡು ತೊರವಿ ಬರುವವರೆಗೂ ಬಿಕ್ಕಿದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವತ್ತು ಚಕ್ಕಡಿ ಹತ್ತಲು ಹೇಳಿ ನಾನು ತಮ್ಮನ್ನು ಕ್ಷಮಿಸಿದೆ ಎಂದು ಕೊನೆಯವರೆಗೂ ಕಂಡವರಿಗೆಲ್ಲ ಹೇಳುತ್ತಿದ್ದರು. ನನಗೆ ಬರೀ ದಣಿವಾಗಿತ್ತು. ಅದನ್ನು ಅವರಿಗೆ ಹೇಳುವ ಮನಸ್ಸು ಒಂದು ದಿನವೂ ಆಗಲಿಲ್ಲ.