ಪಸಂದಿಗೆ ಬಿಟ್ಟ ಕಾದಂಬರಿ

ಅಂಚೆ ಚೀಟಿಯ ಹಿಂಬದಿಯ ಅಂಟಿಗೆ ಒಂದು ರುಚಿಯಿದೆ. ಹಳಸಿದ ಗಂಜಿಗೆ ಯಾರೋ ಬೆಲ್ಲ ತೋರಿಸಿ, ಹಾಕದೆ ಹಿಂದಕ್ಕೆ ಇಟ್ಟುಕೊಂಡ ಹಾಗೆ. ಈ ಬೆಳಿಗ್ಗೆ ಎರಡನೆಯ ಕಾದಂಬರಿಯ ಕಟ್ಟನ್ನು ಮುಂದಿಟ್ಟುಕೊಂಡು ಒಂದು ಚೀಟಿಯನ್ನು ನಾಲಿಗೆಗೆ ತಾಗಿಸಿದೆ. ಮೊದಲನೆಯದರ ಫಜೀತಿಯೆಲ್ಲ ಬಾಯಿಗೆ ಬಂತು. ಕೂತುಕೊಳ್ಳಿ, ಹೇಳುತ್ತೇನೆ. ಟಪಾಲು ಹೊರಡಲು ಇನ್ನೂ ಹೊತ್ತಿದೆ.

ನಾರಾಯಣಪೇಟೆಯಲ್ಲಿ ಕಾದಂಬರಿ ಬರೆಯುವುದು ಕಷ್ಟವಲ್ಲ, ಬರೆಯುತ್ತಿರುವುದು ಓಣಿಗೆ ಗೊತ್ತಾಗದಂತೆ ಬರೆಯುವುದು ಕಷ್ಟ. ನಮ್ಮಲ್ಲಿ ಮನೆಗೆ ಕನ್ನಡ, ಸಂತೆಗೆ ತೆಲುಗು, ಕಚೇರಿಗೆ ಉರ್ದು. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಇತಿಹಾಸ ಓದಿ ಬಿ.ಎ. ಮುಗಿಸಿ ಬಂದವಳು. ಅಂದರೆ ಮೂರು ಭಾಷೆಗಳಲ್ಲಿ ಸುಮ್ಮನಿರಲು ಕಲಿತವಳು. ಸುಮ್ಮನಿದ್ದುದೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ, ಕನ್ನಡ ಕಾದಂಬರಿಯಾಯಿತು. ಗಂಡನ ಮನೆಯಿಂದ ಎದ್ದು ಬಂದು ಸ್ವಂತ ಮಗ್ಗ ಹೂಡುವ ಹೆಂಗಸಿನ ಕಥೆ.

ಗುಟ್ಟು ಗೊತ್ತಿದ್ದದ್ದು ದೊಡ್ಡವ್ವನಿಗೆ ಮಾತ್ರ. ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಹೋದ ಮೇಲೆ ಸೀರೆಯ ಗಂಟು ಹೊತ್ತು ಮಕ್ತಲ್‌ನಿಂದ ಗದ್ವಾಲದವರೆಗೆ ಮನೆಮನೆ ತಿರುಗಿ ವ್ಯಾಪಾರ ಮಾಡಿದವಳು. ಅಕ್ಷರ ಬಾರದು. ಅವಳ ವ್ಯಾಪಾರಕ್ಕೊಂದು ಪದ್ಧತಿಯಿತ್ತು: ಸೀರೆಯನ್ನು ಒತ್ತಾಯ ಮಾಡಿ ಮಾರುತ್ತಿರಲಿಲ್ಲ. ‘ಪಸಂದಿಗೆ ಇರ್ಲಿ ತಗೋರಿ’ ಎಂದು ಗಿರಾಕಿಯ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಅಂಚಿನ ಬಣ್ಣದ ನೂಲಿನಿಂದ ಮಡಿಕೆಗೆ ನೇಕಾರರ ಗಂಟು ಹಾಕಿರುತ್ತಿದ್ದಳು. ಅಮಾವಾಸ್ಯೆಯೊಳಗೆ ವಾಪಸು ಬರದಿದ್ದರೆ ಸೀರೆ ಅವರದು. ಗಂಟು ಬಿಚ್ಚಿದ್ದರಂತೂ ಅವತ್ತಿಗೇ ಅವರದು. ಈ ಕಾಯಿದೆಯನ್ನು ಮುರಿಯುವ ಧೈರ್ಯ ಗದ್ವಾಲದ ದೊಡ್ಡ ಮನೆಗಳಿಗೂ ಇರಲಿಲ್ಲ.

ನನ್ನ ಹಾಳೆಗಳನ್ನು ಕಟ್ಟಿದವಳೂ ಅವಳೇ, ಕೆಂಪು ನೂಲಿನಿಂದ, ಅದೇ ಗಂಟು ಹಾಕಿ.

ಕಟ್ಟು ಹೋಗಬೇಕಾದದ್ದು ಧಾರವಾಡದ ಒಬ್ಬ ಪ್ರಕಾಶಕರಿಗೆ. ನಮ್ಮ ನಿಜಾಮ ಸರ್ಕಾರಕ್ಕೆ ತನ್ನದೇ ಟಪಾಲು, ತನ್ನದೇ ಚೀಟಿ. ಸೀಮೆ ದಾಟಿದರೆ ಅದಕ್ಕೆ ಗೋಡೆಗೆ ಅಂಟಿಸಿದ ಕಾಗದದಷ್ಟೇ ಬೆಲೆ, ಆಚೆಗೆ ಕಳಿಸಲು ಇಂಗ್ರೇಜಿ ಟಪಾಲಿನ ಚೀಟಿಯೇ ಬೇಕು. ಇದು ನನಗೆ ಗೊತ್ತಿತ್ತು. ಇಂಗ್ರೇಜಿ ಚೀಟಿಯನ್ನೇ ಹಚ್ಚಿದೆ. ಆದರೆ ಪಸಂದಾಗದಿದ್ದರೆ ಹಿಂದಕ್ಕೆ ಕಳಿಸಲೆಂದು ಒಳಗೆ ಇನ್ನೊಂದು ಲಕೋಟೆ ಇಡಬೇಕಲ್ಲ? ಅದು ಬರುವುದು ನಮ್ಮ ಊರಿಗೆ ತಾನೆ? ನಮ್ಮ ಸರ್ಕಾರದ ಚೀಟಿಗಳನ್ನು ಒಂದರ ಪಕ್ಕ ಒಂದರಂತೆ ಓರಣವಾಗಿ ಅಂಟಿಸಿದೆ. ಬಿ.ಎ. ಓದಿದ ತಲೆ, ಅಂಟಿಸಿದ ಸಾಲು ಸೊಟ್ಟಗಿರಲಿಲ್ಲ ಎಂಬುದೊಂದೇ ಸಮಾಧಾನ.

ಕಟ್ಟು ಮರಳಲಿಲ್ಲ. ತಿಂಗಳಾಯಿತು, ಯುಗಾದಿಯೂ ಆಯಿತು.

“ವಾಪಸ್ ಬಂತೇನ?” ದೊಡ್ಡವ್ವ ಕೇಳಿದಳು.

“ಇಲ್ಲ.”

“ಹಂಗಾರ ಪಸಂದ ಆತು ಬಿಡು.”

ನಾನು ತಿದ್ದಲಿಲ್ಲ. ಒಳಗೊಳಗೇ ನಾನೂ ಹಾಗೇ ನಂಬಿದ್ದೆ. ಅವಳು ಸೀರೆಯ ಜೊತೆಗೆ ಈ ಸುದ್ದಿಯನ್ನೂ ಮಾರುತ್ತ ಹೋದಳು. ವರ್ಷ ತಿರುಗುವುದರೊಳಗೆ ನಾನು ಮೂರು ಊರುಗಳಲ್ಲಿ ಪ್ರಸಿದ್ಧ ಲೇಖಕಿ, ಓದಿದವರು ಮಾತ್ರ ಯಾರೂ ಇರಲಿಲ್ಲ. ಕೆಲವು ಪ್ರಸಿದ್ಧರ ಸ್ಥಿತಿ ಕೊನೆಯವರೆಗೂ ಇದೇ ಎಂದು ಆಮೇಲೆ ತಿಳಿಯಿತು.

ಗದ್ವಾಲದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಅಜ್ಜಿಯೊಬ್ಬಳು ನನ್ನ ಗದ್ದ ಹಿಡಿದೆತ್ತಿದಳು. “ಬುಕ್ಕು ಬರದಾಕಿ ಇಕಿನಾ? ಎಲ್ಲೈತವ್ವ ನಿನ್ನ ಬುಕ್ಕು?”

“ಛಾಪಾ ಆಗಾಕತ್ತೈತ್ರಿ” ಎಂದಳು ದೊಡ್ಡವ್ವ.

“ಯಾತರ ಛಾಪಾನವ್ವ ಅದು! ಇಕಿ ಬುಕ್ಕು ಆಗೂದ್ರಾಗ ನಮ್ಮ ಎಮ್ಮಿ ಎರಡು ಸಲ ಈಯ್ತು.”

ಪಂಕ್ತಿಯೆಲ್ಲ ನಕ್ಕಿತು. ನಾನು ಹೋಳಿಗೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತ ಕೂತೆ. ಅದು ಬರಿಯ ನಗುವಾಗಿರಲಿಲ್ಲ. ಆ ಕಟ್ಟಿನ ಇನ್ನೊಂದು ಪ್ರತಿ ನನ್ನ ಬಳಿ ಇರಲಿಲ್ಲ, ಕಳೆದಿದ್ದರೆ ನನ್ನ ಹೆಂಗಸೂ ಅವಳ ಮಗ್ಗವೂ ಕಳೆದಂತೆ. ಮತ್ತೆ ಬರೆಯುವ ಶಕ್ತಿ ನನ್ನಲ್ಲಿಲ್ಲವೆಂದು ನನಗೆ ಗೊತ್ತಿತ್ತು.

“ನಡಿ, ಧಾರವಾಡಕ್ಕ ಹೋಗಿ ನೋಡೇ ಬರೋಣು” ಎಂದಳು ದೊಡ್ಡವ್ವ, ಊರಿಗೆ ಮರಳಿದ ಮೇಲೆ. ಮಕ್ತಲ್ ದಾಟಿ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಗುಂತಕಲ್ಲಿನಲ್ಲಿ ಬದಲಿಸಿದೆವು. ದಾರಿಯುದ್ದಕ್ಕೂ ಅವಳು ಡಬ್ಬಿಯ ಹೆಂಗಸರಿಗೆ ಸೀರೆ ತೋರಿಸಿದಳು, ನಾನು ಪ್ರಕಾಶಕರಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿದೆ. ಧಾರವಾಡ ಬರುವಷ್ಟರಲ್ಲಿ ಅವಳ ಗಂಟು ಹಗುರಾಗಿತ್ತು, ನನ್ನ ವಾಕ್ಯ ಭಾರವಾಗಿತ್ತು.

ಪ್ರಕಾಶಕರ ಕಚೇರಿಯೆಂದರೆ ಅವರ ಮನೆಯ ಪಡಸಾಲೆ. ಹೆಸರು ಹೇಳಿದ್ದೇ ತಡ, ಆತ ಕಪಾಟಿನ ಕೆಳಗಿನಿಂದ ನನ್ನ ಕಟ್ಟನ್ನು ಎಳೆದು ತಂದರು.

“ಬಂದ್ರ್ಯಾ? ಪುಣ್ಯ ಬಂತು! ನಮಗ ಇದು ಬ್ಯಾಡ್ರಿ. ಆದ್ರ ಕಳಿಸೂದು ಹ್ಯಾಂಗ? ನಿಮ್ಮ ನಿಜಾಮರ ಚೀಟಿ ಇಲ್ಲಿ ನಡಿಯಂಗಿಲ್ಲ. ಹೊರಗ ಒಗಿಯಾಕೂ ಮನಸ್ಸು ಬರ್ಲಿಲ್ಲ. ತಗೋರಿ, ಒಯ್ಯಿರಿ.”

ಸಿಕ್ಕಿತಲ್ಲ ಎಂಬ ಸಂತೋಷಕ್ಕೆ, ಬೇಡವೆಂದರಲ್ಲ ಎಂಬ ಅವಮಾನಕ್ಕೆ, ನಾನು ಕೈ ಚಾಚಿದೆ. ದೊಡ್ಡವ್ವ ಕೈಯ ಮೇಲೆ ಪಟ್ಟನೆ ಹೊಡೆದಳು.

“ಒಂದೂವರಿ ವರ್ಷ ಮನ್ಯಾಗ ಇಟಗೊಂಡು ಈಗ ವಾಪಸಾ? ನಮ್ಮ ವ್ಯಾಪಾರದಾಗ ಅದು ನಡ್ಯಾಂಗಿಲ್ರಿ ಯಜಮಾನ್ರ.”

“ಇದು ಸೀರಿ ಅಲ್ರಿ ತಾಯಿ! ನಾ ಅದನ್ನ ಬಿಚ್ಚಿ ಸೈತ ನೋಡಿಲ್ಲ.”

“ನೋಡದನ ಬ್ಯಾಡಂದ್ರ್ಯಾ?”

ಆತ ಕನ್ನಡಕ ತೆಗೆದು ಒರೆಸಿದರು. ದೊಡ್ಡವ್ವ ಕಟ್ಟನ್ನು ಬೆಳಕಿಗೆ ಹಿಡಿದು ಗಂಟನ್ನು ಉಗುರಿನಿಂದ ಮುಟ್ಟಿದಳು. “ನೂಲು ನನ್ನದೈತಿ. ಗಂಟು ನನ್ನದಲ್ಲ. ಇದು ಕುಬಸಕ್ಕ ಹಾಕೂ ಗಂಟು. ಈ ಮನ್ಯಾಗ ಕುಬಸ ತೊಡೋರು ಯಾರು?”

ಪ್ರಕಾಶಕರು ಒಳಬಾಗಿಲ ಕಡೆ ತಿರುಗಿದರು. ಅಲ್ಲಿ ಅವರ ಹೆಂಡತಿ, ಕೈಯಲ್ಲಿ ಸೌಟು.

“ನಾನ ಓದೀನಿ. ಎರಡು ಸಲ” ಎಂದರು ಆಕೆ, ಗಂಡನಿಗಲ್ಲ, ನನಗೆ. “ಅಲ್ಲವಾ ತಂಗಿ, ಆಕಿ ಗಂಡನ್ನ ಬಿಟ್ಟು ಬಂದು ಮಗ್ಗ ಹೂಡಿದ್ಲು, ಖರೆ. ಮೊದಲನೇ ಸೀರಿ ಇಳಿಯೂತನಕ ಹೊಟ್ಟಿಗೆ ಏನ್ ತಿಂದ್ಲು? ಅದನ್ನ ಬರೀಲೇ ಇಲ್ಲಲ್ಲ ನೀ.”

ರೈಲಿನಲ್ಲಿ ತಿದ್ದಿದ ವಾಕ್ಯ ಎಲ್ಲಿ ಹೋಯಿತೋ. “ಬರೀತೀನ್ರಿ” ಎಂದೆ.

“ಬರದು ಕೊಡು, ಇವ್ರು ಛಾಪಾ ಮಾಡ್ತಾರ” ಎಂದು ಆಕೆ ಒಳಗೆ ಹೋದರು. ಆತ ಬಹಳ ಹೊತ್ತು ಸೌಟಿನ ಸದ್ದು ಕೇಳಿದರು. ಆಮೇಲೆ ಕಟ್ಟನ್ನು ಮೇಜಿನ ಮೇಲೆ ಇಟ್ಟುಕೊಂಡರು, ಈ ಸಲ ಕಪಾಟಿನ ಕೆಳಗಲ್ಲ.

ಹಸಿವಿನ ಆ ಅಧ್ಯಾಯವನ್ನೇ ಜನ ಈಗ ಚೆನ್ನಾಗಿದೆ ಎನ್ನುತ್ತಾರೆ. ಪುಸ್ತಕ ಬಂದ ದಿನ ದೊಡ್ಡವ್ವ ಅದನ್ನು ಮಡಿಲಲ್ಲಿಟ್ಟು ಹಾಳೆಯ ಅಂಚು ಸವರಿದಳು, ಸೀರೆಯ ಒಡಲನ್ನು ಉಜ್ಜುವ ಹಾಗೆ ಒಳಗಿನ ಅಕ್ಷರಗಳನ್ನು ಬೆರಳಿನಿಂದ ಉಜ್ಜಿ ಬಣ್ಣ ಬಿಡುತ್ತದೋ ಎಂದು ನೋಡಿದಳು. ಸ್ವಲ್ಪ ಬಿಟ್ಟಿತು. “ಮಸಿ ಕಚ್ಚಾ ಐತಿ. ನೇಯ್ಗಿ ಚಲೋ ಐತಿ” ಎಂದಳು. ನನಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನಿಷ್ಪಕ್ಷಪಾತವಾದದ್ದು ಇನ್ನೂ ಬಂದಿಲ್ಲ.

ಈಗ ಎರಡನೆಯ ಕಟ್ಟು ಹೊರಟಿದೆ, ಬೇರೊಬ್ಬ ಪ್ರಕಾಶಕರಿಗೆ. ಹೊರಗಿನ ಚೀಟಿ ಇಂಗ್ರೇಜಿಯದೇ. ಪಸಂದಾಗದಿದ್ದರೆ ಹಿಂದಕ್ಕೆ ಬರಬೇಕಾದ ಒಳಗಿನ ಲಕೋಟೆಗೆ ಯಾವುದನ್ನು ಹಚ್ಚುವುದೆಂದು ನಾನು ನಾಲಿಗೆಯ ಮೇಲೆ ಅಂಟು ಇಟ್ಟುಕೊಂಡು ಯೋಚಿಸುತ್ತಿದ್ದಾಗ ದೊಡ್ಡವ್ವ ಹೊಸ್ತಿಲ ಮೇಲೆ ಕೂತು ನೂಲು ಹೊಸೆಯುತ್ತಿದ್ದಳು.

“ಆ ಮನ್ಯಾಗ ಹೆಂಡ್ತಿ ಅದಾಳೇನು?” ಎಂದು ಕೇಳಿದಳು.

“ಹೂಂ. ಓದಾಕ ಬರ್ತೈತಂತ.”

ನಮ್ಮ ಸರ್ಕಾರದ ಚೀಟಿಗಳನ್ನು ಒಂದರ ಪಕ್ಕ ಒಂದರಂತೆ, ಸಾಲು ಸೊಟ್ಟಗಾಗದ ಹಾಗೆ ಅಂಟಿಸಿದೆ.